ಕಾಕೆಲುಂಗ್ನ್

ಸ್ವೀಡನ್ ದೇಶದ ಮನೆಗಳಲ್ಲಿ ಚಳಿಗಾಲದ ಶೀತನಿವಾರಣೆಗಾಗಿ ಇಟ್ಟಿಗೆಯಿಂದ ಕಟ್ಟಿ, ಹೊರಮೈಗೆ ಮೆರುಗು ಹೆಂಚುಗಳನ್ನು ಹೊದಿಸಿದ, ಆಳೆತ್ತರವನ್ನು ಮೀರುವ ಅಗ್ಗಿಷ್ಟಿಕೆ. ಹೆಂಚೊಲೆ ಎಂಬುದು ಶಬ್ದಾರ್ಥ. ಅಲ್ಪ ಸೌದೆಯಿಂದ ದೀರ್ಘಕಾಲ ಕೋಣೆಯನ್ನು ಬೆಚ್ಚಗಿಡುವುದು ಇದರ ವೈಶಿಷ್ಟ್ಯ.

ಗೋಡೆಗೆ ಸೇರಿದಂತೆ ತೆರೆದಿಟ್ಟ ಅಗ್ನಿಕುಂಡದಲ್ಲಿ ಬೆಂಕಿ ಎಷ್ಟೇ ವೈಭವದಿಂದ ಉರಿದರೂ ಅದರ ಉಷ್ಣದ ಬಹುಭಾಗ ಹೊಗೆಯೊಡನೆ ಆಕಾಶದ ಪಾಲಾಗುವುದಲ್ಲದೆ, ಕೋಣೆಯಲ್ಲಿ ಕಾದ ಗಾಳಿಯನ್ನೂ ಹೊಗೆಗೂಡು ಸೆಳೆದೊಯ್ಯುವುದರಿಂದ, ಕುಳಿತವನ ಮುಖ ಬೇಯುತ್ತಿರುವಾಗಲೇ ಬೆನ್ನು ನಡುಗುತ್ತಿರುತ್ತದೆ. 18ನೆಯ ಶತಮಾನದ ಸ್ವೀಡನ್ನಿನಲ್ಲಿ ಇಂಥ ಅಪವ್ಯಯ ಕೇವಲ ಗೃಹಸ್ಥನ ಚಿಂತೆಯಾಗಿ ಉಳಿಯಲಿಲ್ಲ. ಕಬ್ಬಿಣದ ಕುಲುಮೆಗಳು ಇದ್ದಿಲಿಗಾಗಿ ಅರಣ್ಯವನ್ನು ನುಂಗುತ್ತಿದ್ದ ಆ ನಾಡಿನಲ್ಲಿ ಸೌದೆಯ ಅಭಾವ ರಾಜ್ಯಾಡಳಿತವನ್ನೇ ಕಾಡಿತು. ಹೀಗಾಗಿ ಮಿತವ್ಯಯದ ಒಲೆಯೊಂದನ್ನು ರೂಪಿಸುವ ಕಾರ್ಯವನ್ನು 1767ರಲ್ಲಿ ವಾಸ್ತುಶಿಲ್ಪಿ ಕಾರ್ಲ್ ಯೋಹಾನ್ ಕ್ರೂನ್‌ಸ್ಟೆಡ್ಟ್ ಹಾಗೂ ಫಾಬಿಯನ್ ವ್ರೇಡೆ ಎಂಬವರಿಗೆ ವಹಿಸಲಾಯಿತು. ಹೆಂಚು ಹೊದಿಸಿದ ಒಲೆ ಅದಕ್ಕೆ ಮೊದಲೂ ಇತ್ತು. ಇವರ ಪ್ರತಿಭೆ ಮೆರೆದದ್ದು ಒಳಗಿನ ಹೊಗೆದಾರಿಯಲ್ಲಿ. 1775ರಲ್ಲಿ ಕ್ರೂನ್‌ಸ್ಟೆಡ್ಟ್ ಪ್ರಕಟಿಸಿದ ವಿವರಣೆಯ ಶೀರ್ಷಿಕೆಯಲ್ಲಿಯೇ ಸೌದೆಯ ಉಳಿತಾಯವೆಂಬ ಉದ್ದೇಶ ಸ್ಪಷ್ಟವಾಗಿ ನಮೂದಾಗಿದೆ.

ಒಲೆಯ ಗರ್ಭದಿಂದ ಮೇಲೇರಿದ ಹೊಗೆ ನೇರವಾಗಿ ಹೊರಬೀಳದೆ, ಪಕ್ಕದ ನಾಳಗಳಲ್ಲಿ ಕೆಳಗಿಳಿದು, ಮತ್ತೆ ಮೇಲೇರಿ, ಹೋಗುವ ದಾರಿಯುದ್ದಕ್ಕೂ ತನ್ನ ಉಷ್ಣವನ್ನು ಇಟ್ಟಿಗೆಗಳಿಗೆ ಒಪ್ಪಿಸಿ, ತಣಿದ ಮೇಲೆಯೇ ಹೊಗೆಗೂಡನ್ನು ಸೇರುವುದು. ಹಾಗೆ ಸಂಚಯಗೊಂಡ ಶಾಖವನ್ನು ಇಟ್ಟಿಗೆಯ ರಾಶಿ ಹಲವು ಗಂಟೆಗಳ ಕಾಲ ಕೋಣೆಗೆ ಮೆಲ್ಲನೆ ಹಂಚುತ್ತಿರುವುದರಿಂದ, ದಿನಕ್ಕೆ ಒಂದೆರಡು ಬಾರಿ ಬೆಂಕಿ ಹಾಕಿದರೆ ಸಾಕು. ಕೊಳ್ಳಿ ಆರಿದ ಮೇಲೂ ಬೆಚ್ಚಗಿರುವ ಮಲೆನಾಡಿನ ಬಚ್ಚಲ ಹಂಡೆಯನ್ನು ಬಲ್ಲವರಿಗೆ ಇದರ ಮರ್ಮ ಅಪರಿಚಿತವೇನಲ್ಲ.

ಉಳಿತಾಯ ಒಲೆಯೊಂದರಿಂದಲೇ ಸಿದ್ಧಿಸದು. ಭೂರ್ಜ ಮುಂತಾದ ಮರದ ಸೌದೆಯನ್ನು ಸೀಳಿ, ಬೇಸಗೆಯಿಡೀ ಒಣಗಿಸಿಡಬೇಕು. ಹಸಿ ಸೌದೆ ತನ್ನ ನೀರನ್ನು ಆವಿ ಮಾಡುವುದರಲ್ಲಿಯೇ ಶಾಖವನ್ನು ಕಳೆಯುವುದಲ್ಲದೆ ನಾಳಗಳಲ್ಲಿ ಮಸಿ ಕಟ್ಟಿಸುತ್ತದೆ. ರಾತ್ರಿಯೆಲ್ಲ ಹೊಗೆಯಾಡುವ ಮಂದಾಗ್ನಿಗಿಂತ, ಧಾರಾಳವಾಗಿ ಗಾಳಿ ಪಡೆದು ಬೇಗ ಉರಿದು ಮುಗಿಯುವ ತೀಕ್ಷ್ಣಾಗ್ನಿಯೇ ಲಾಭಕರ.

ಉರಿ ಮುಗಿದ ಮೇಲೆ, ಕಾದ ಗಾಳಿ ಸೋರಿಹೋಗದಂತೆ ಹೊಗೆದಾರಿಯ ತಡೆಹಲಗೆಯನ್ನು ಮುಚ್ಚುವುದು ವಾಡಿಕೆ. ಈ ಕೆಲಸದಲ್ಲಿ ಲೋಭ ಪ್ರಾಣಾಂತಿಕವಾದೀತು: ಕೆಂಡದ ಮೇಲೆ ತೆಳುನೀಲಿ ಜ್ವಾಲೆ ಕುಣಿಯುತ್ತಿರುವಾಗಲೇ ಹಲಗೆ ಎಳೆದರೆ, ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡು ಕೋಣೆಯನ್ನು ತುಂಬಿ, ಮಲಗಿದವರು ಮಲಗಿದಲ್ಲಿಯೇ ಅಸುನೀಗುವರು. ನೀಲಿ ಅಡಗಿದರೂ ಕೆಂಡದ ಕೆಂಪು ಪೂರ್ತಿ ಆರುವತನಕ ಕಾಯುವುದೇ ಕ್ಷೇಮ.

ಮೊದಲು ಶ್ರೀಮಂತರ ಸೌಧಗಳಿಗೆ ಮೀಸಲಾಗಿದ್ದ ಈ ಒಲೆ 19ನೆಯ ಶತಮಾನದಲ್ಲಿ ಸ್ಟಾಕ್‌ಹೋಮಿನ ಮಧ್ಯಮವರ್ಗದ ಮನೆಗಳಿಗೂ ಪ್ರವೇಶಿಸಿ, ಕೋಣೆಯ ಮೂಲೆಯಲ್ಲಿ ದುಂಡು ಕಂಬದಂತೆ ನಿಂತಿತು. 20ನೆಯ ಶತಮಾನದಲ್ಲಿ ಕೇಂದ್ರೀಯ ತಾಪನವ್ಯವಸ್ಥೆ ಬಂದೊಡನೆ ಅನೇಕ ಒಲೆಗಳನ್ನು ಕಿತ್ತೆಸೆದರು. ತೈಲದ ಬೆಲೆ ಏರಿದ 1970ರ ದಶಕದ ಬಳಿಕ ಇದರತ್ತ ಜನರ ಗಮನ ಮರಳಿತು. ಬಹುಕಾಲ ಬಳಸದಿದ್ದ ಹಳೆಯ ಒಲೆಗೆ ಬೆಂಕಿ ಹಾಕುವ ಮುನ್ನ ಅದರ ನಾಳಗಳನ್ನೂ ಹೊಗೆಗೂಡನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸತಕ್ಕದ್ದು.