ಹಣದ ಕಾರ್ಡೂ ವರ್ತಕನ ಹೊಣೆಯೂ

ವಿಶಾಖದತ್ತನ ಮುದ್ರಾರಾಕ್ಷಸ ನಾಟಕವನ್ನು ಓದಿದವರಿಗೆ ಚಂದನದಾಸನೆಂಬ ರತ್ನವರ್ತಕನ ನೆನಪಿದ್ದೀತು. ಅಮಾತ್ಯ ರಾಕ್ಷಸನು ಪಾಟಲಿಪುತ್ರವನ್ನು ಬಿಡುವಾಗ ಹೆಂಡತಿ ಮಕ್ಕಳನ್ನು ಇವನ ಮನೆಯಲ್ಲಿರಿಸಿ ಹೋದನು. ಒಂದು ದಿನ ಹೊರಗೋಡಿದ ಮಗುವನ್ನು ಒಳಗೆಳೆದುಕೊಳ್ಳುವಾಗ ತಾಯಿಯ ಬೆರಳಿನಿಂದ ಗಂಡನ ಮುದ್ರೆಯುಂಗುರವು ಜಾರಿ ಹೊಸ್ತಿಲಾಚೆ ಉರುಳಿತು. ಗೂಢಚಾರನ ಮೂಲಕ ಚಾಣಕ್ಯನ ಕೈ ಸೇರಿತು. ಆ ಮುದ್ರೆ ಬಿದ್ದ ಒಂದು ಓಲೆಯೇ ರಾಕ್ಷಸನನ್ನು ಸೋಲಿಸಿತು. ಚಂದನದಾಸನ ಪ್ರಾಮಾಣಿಕತೆಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಗೆಳೆಯನಿಗಾಗಿ ಶೂಲಕ್ಕೂ ಸಿದ್ಧನಾದವನು. ಆದರೆ ಅನ್ಯರ ಮುದ್ರೆ ಅವನ ಮನೆಯಲ್ಲಿತ್ತು, ಬಾಗಿಲು ತೆರೆದಿತ್ತು.

ವಾಚಕರೇ, ಅಂಗಡಿಯಲ್ಲಿ ನಗದಿಗೆ ಬದಲಾಗಿ ನೀವು ನೀಡುವ ಕಾರ್ಡಿನ ಚರಿತ್ರೆಯೂ ಇಂಥದೇ. ಅದರ ಮೇಲಿನ ಅಂಕಿಗಳೇ ನಿಮ್ಮ ಮುದ್ರೆ. ಅವನ್ನು ಓದಿಕೊಂಡ ವರ್ತಕನು ಆಮೇಲೆ ಏನು ಮಾಡಬೇಕು? ಈ ಒಂದು ಪ್ರಶ್ನೆಗೆ ಉತ್ತರ ಬರೆಯಲು ಲೋಕಕ್ಕೆ ಅರ್ಧ ಶತಮಾನ ಹಿಡಿಯಿತು.

1958ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದ ಸುಮಾರು 60,000 ಮಂದಿಗೆ, ಅವರು ಕೇಳದೆಯೇ, ಬ್ಯಾಂಕ್ ಆಫ್ ಅಮೇರಿಕವು ಅಂಚೆಯಲ್ಲಿ ಕಾರ್ಡು ಕಳುಹಿಸಿತು. ಮುಂದೆ ವೀಸಾ ಎಂದು ಹೆಸರಾದುದು ಇದೇ. ಆಗ ಕಾರ್ಡಿನ ಉಬ್ಬಿದ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ಒತ್ತಿಕೊಳ್ಳುತ್ತಿದ್ದರು. ಕಾಗದಕ್ಕೆ ಒಂದು ದೊಡ್ಡ ಗುಣವುಂಟು: ಗೆದ್ದಲು ತಿನ್ನುತ್ತದೆ, ರದ್ದಿಗೆ ಹೋಗುತ್ತದೆ, ಲಕ್ಷಾಂತರ ಚೀಟಿಗಳನ್ನು ಕಳ್ಳನು ಒಂದು ರಾತ್ರಿಯಲ್ಲಿ ಹೊತ್ತೊಯ್ಯಲಾರ. ಕಾರ್ಡಿನ ಬೆನ್ನಿಗೆ ಕಾಂತಪಟ್ಟಿಯೂ ಅಂಗಡಿಗೆ ಗಣಕಯಂತ್ರವೂ ಬಂದಮೇಲೆ ಈ ರಕ್ಷಣೆ ಹೋಯಿತು. ಯಂತ್ರವು ತಾನಾಗಿ ಏನನ್ನೂ ಮರೆಯದು.

ಅಂತರಜಾಲದ ವ್ಯಾಪಾರ ಬೆಳೆದಂತೆ ಒಂದೊಂದು ಕಾರ್ಡು ಸಂಸ್ಥೆಯೂ ತನ್ನದೇ ಕಟ್ಟಳೆ ಮಾಡಹೊರಟಿತು. ವರ್ತಕನು ಯಾರ ಮಾತು ಕೇಳಬೇಕು? ಕೊನೆಗೆ 2004ರ ಡಿಸೆಂಬರಿನಲ್ಲಿ ಎಲ್ಲವನ್ನೂ ಕೂಡಿಸಿ ಪಿಸಿಐ ಡಿಎಸ್‌ಎಸ್ ಎಂಬ ಒಂದೇ ಕಟ್ಟಳೆ ಹೊರಬಂದಿತು. ಅದನ್ನು ನೋಡಿಕೊಳ್ಳಲು 2006ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಅಮೇರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜಪಾನಿನ ಜೆಸಿಬಿ ಎಂಬ ಐವರೂ ಸೇರಿ ಒಂದು ಮಂಡಲಿಯನ್ನು ಸ್ಥಾಪಿಸಿದರು. ಇದು ಸರ್ಕಾರದ ಕಾನೂನಲ್ಲ, ಕರಾರು. ಬ್ಯಾಂಕಿನ ಮೂಲಕ ವರ್ತಕನನ್ನು ಕಟ್ಟುತ್ತದೆ. ತಪ್ಪಿದರೆ ದಂಡವೂ ಅದೇ ದಾರಿಯಲ್ಲಿ ಬರುತ್ತದೆ.

ಕಟ್ಟಳೆಯಲ್ಲಿ ಹನ್ನೆರಡು ಮುಖ್ಯ ವಿಧಿಗಳಿವೆ. ಯಂತ್ರದೊಂದಿಗೆ ಬಂದ ಗುಪ್ತಪದವನ್ನು ಬದಲಿಸು, ಸಂಬಂಧವಿಲ್ಲದವರನ್ನು ಹತ್ತಿರ ಬಿಡಬೇಡ, ಬಂದುಹೋದವರ ದಾಖಲೆಯಿಡು ಎಂಬಂಥವು ಯಾವ ಎಚ್ಚರದ ಯಜಮಾನನೂ ಬಲ್ಲ ಮಾತುಗಳು. ನನ್ನ ಕಣ್ಣಿಗೆ ತಿರುಳೆಲ್ಲ ಮೂರನೆಯದರಲ್ಲಿದೆ: ಇಟ್ಟುಕೊಂಡುದನ್ನು ಕಾಯಿ, ಕೆಲವನ್ನು ಇಟ್ಟುಕೊಳ್ಳಲೇಬೇಡ. ಕಾರ್ಡಿನ ಸಂಖ್ಯೆಯನ್ನು ವ್ಯವಹಾರಕ್ಕೆ ಬೇಕಾದಷ್ಟು ಕಾಲ, ಪರರು ಓದಲಾಗದಂತೆ ಮರೆಮಾಡಿ ಇಡಬಹುದು. ಕಾಂತಪಟ್ಟಿಯ ಪೂರ್ಣ ವಿವರ, ಮೂರಂಕಿಯ ಗುಟ್ಟು, ಪಿನ್ ಸಂಖ್ಯೆ ಇವನ್ನು ಬ್ಯಾಂಕು ಹಣಕ್ಕೆ ಒಪ್ಪಿಗೆಯಿತ್ತ ಮೇಲೆ ವರ್ತಕನು ಯಾವ ರೂಪದಲ್ಲಿಯೂ ಉಳಿಸಿಕೊಳ್ಳಕೂಡದು.

ಇದರ ಬೆಲೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅಮೇರಿಕದಲ್ಲಿ ಟಿಜೆಎಕ್ಸ್ ಎಂಬ ದೊಡ್ಡ ಅಂಗಡಿಗಳ ಸಂಸ್ಥೆಯಿದೆ. 2005ರಲ್ಲಿ ಮಯಾಮಿಯಲ್ಲಿದ್ದ ಅದರ ಅಂಗಡಿಗಳ ನಿಸ್ತಂತು ಜಾಲದೊಳಕ್ಕೆ ಕಳ್ಳರು ನುಗ್ಗಿದರು. ಆ ಜಾಲಕ್ಕೆ ಹಾಕಿದ್ದ ಬೀಗ ದುರ್ಬಲವೆಂಬುದು ಆಗಲೇ ತಿಳಿದಿದ್ದ ಸಂಗತಿ. ಅಲ್ಲಿಂದ ಕೇಂದ್ರದ ಗಣಕಗಳಿಗೆ ದಾರಿಯಾಯಿತು. ಸಂಸ್ಥೆಗೆ ಇದು ತಿಳಿದದ್ದು 2006ರ ಡಿಸೆಂಬರಿನಲ್ಲಿ! ಕಡಮೆಯೆಂದರೆ 4 ಕೋಟಿ 57 ಲಕ್ಷ ಕಾರ್ಡುಗಳ ವಿವರ ಹೋಗಿತ್ತೆಂದು ಅದೇ ಒಪ್ಪಿಕೊಂಡಿತು. ಕೆನಡದ ಅಧಿಕಾರಿಗಳು ವಿಚಾರಿಸಿ 2007ರಲ್ಲಿ ಕೊಟ್ಟ ತೀರ್ಮಾನವನ್ನು ಪ್ರತಿಯೊಬ್ಬ ವರ್ತಕನೂ ಓದಬೇಕು: ಬೇಕಾದುದಕ್ಕಿಂತ ಹೆಚ್ಚು ಕೂಡಿಹಾಕಿದ್ದರು, ಬೇಕಾದುದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರು. ಎಂದೋ ಮುಗಿದ ಖರೀದಿಯ ಲೆಕ್ಕ ಕಳ್ಳನಿಗಾಗಿ ಕಾದಿತ್ತೆಂದೇ ಹೇಳಬೇಕು.

ಎರಡನೆಯ ಪೆಟ್ಟು ಇನ್ನೂ ವಿಚಿತ್ರ. ವರ್ತಕರ ಪರವಾಗಿ ಕಾರ್ಡಿನ ಪಾವತಿಗಳನ್ನು ಸಾಗಿಸುತ್ತಿದ್ದ ಹಾರ್ಟ್‌ಲ್ಯಾಂಡ್ ಎಂಬ ಸಂಸ್ಥೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕಟ್ಟಳೆ ಪಾಲಿಸಿದೆಯೆಂಬ ಪ್ರಮಾಣ ಪಡೆದಿತ್ತು. 2009ರ ಜನವರಿಯಲ್ಲಿ ಅಲ್ಲಿಯ ಕಳವು ಬಯಲಾಯಿತು. ಸುಮಾರು 13 ಕೋಟಿ ಕಾರ್ಡುಗಳೆಂದು ಆಮೇಲೆ ಲೆಕ್ಕ ಸಿಕ್ಕಿತು. ಎರಡೂ ಕಳವುಗಳ ಮುಂದಾಳು ಒಬ್ಬನೇ. ಅವನು ಅಮೇರಿಕ ಸರ್ಕಾರದ ಸೀಕ್ರೆಟ್ ಸರ್ವಿಸ್‌ಗೆ ಸುದ್ದಿಗಾರನಾಗಿ ಕೆಲಸ ಮಾಡುತ್ತಿದ್ದನೆಂದರೆ ಚಾಣಕ್ಯನೂ ನಕ್ಕಾನು. 2010ರಲ್ಲಿ ಅವನಿಗೆ 20 ವರ್ಷಗಳ ಸೆರೆಯಾಯಿತು. ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರರಿಗಾಗಿ ಒಂದು ದಿನ ಗೋಡೆಗೆ ಸುಣ್ಣ ಬಳಿಯುವ ಶಾಲೆಗಳನ್ನು ನೀವೂ ಕಂಡಿರಬಹುದು. ಪ್ರಮಾಣಪತ್ರವು ಅದನ್ನು ಬರೆದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕು ಬೇರೆ ದಿಕ್ಕಿನಿಂದ ಹೊರಟಿತು. ಅಂತರಜಾಲದಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತನ್ನೂ ಕೇಳಬೇಕೆಂದು 2009ರಲ್ಲಿ ವಿಧಿಸಿತು. ಬಳಿಕ ಮೂಲಕ್ಕೇ ಕೈ ಹಾಕಿ, ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿ, 2022ರ ಅಕ್ಟೋಬರ್ 1ರಿಂದ ಕಾರ್ಡು ಕೊಟ್ಟ ಬ್ಯಾಂಕೂ ಕಾರ್ಡು ಜಾಲದ ಸಂಸ್ಥೆಯೂ ಹೊರತು ಮತ್ತಾರೂ ಅದರ ಪೂರ್ಣ ಸಂಖ್ಯೆಯನ್ನು ಕೂಡಿಡಬಾರದೆಂದಿತು. ವರ್ತಕನ ಕೈಗೆ ಈಗ ಸಿಗುವುದು ಟೋಕನ್ ಎಂಬ ಬದಲಿ ಸಂಖ್ಯೆ. ಅದು ಆ ಅಂಗಡಿಗೆಂದೇ ಹುಟ್ಟಿದುದು. ಕದ್ದವನು ಬೇರೆಡೆಗೆ ಒಯ್ದರೆ ಕಾಸಿಗೂ ಬಾರದು. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿಗಳು ಸಾಕು. ಚಂದನದಾಸನ ಮನೆಯಲ್ಲಿ ಮುದ್ರೆಯೇ ಇಲ್ಲದಿದ್ದರೆ ಚಾಣಕ್ಯನು ಯಾವುದನ್ನು ಒತ್ತಿಯಾನು?

ಇದೆಲ್ಲ ದೊಡ್ಡ ಸಂಸ್ಥೆಗಳ ಪಾಡು ಎಂದು ಭಾವಿಸಬೇಡಿ. ದೂರವಾಣಿಯಲ್ಲಿ ಗಿರಾಕಿ ಹೇಳಿದ ಕಾರ್ಡಿನ ವಿವರವನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವ ವಸತಿಗೃಹಕ್ಕೂ ಪಿಸಿಐ ಕಟ್ಟಳೆ ಅನ್ವಯಿಸುತ್ತದೆ. ಹಣ ಸಂದಾಯವಾದ ಮೇಲೆ ಆ ಮೂರು ಅಂಕಿ ನೋಟುಬುಕ್ಕಿನಲ್ಲಿಯೂ ಉಳಿಯಕೂಡದು. ಓದಲಾಗದಂತೆ ಆ ಹಾಳೆಯನ್ನು ನಾಶಮಾಡಬೇಕು.