ಹೊನ್ನಾವರದ ಕಡಲುಗಳ್ಳರು, ಎರೆನಾಡಿನ ಕುದುರೆಗಳು

ಕರ್ನಾಟಕದ ಕರಾವಳಿಯಲ್ಲಿ ಕಡಲುಗಳ್ಳತನ ಬಹಳ ಹಳೆಯ ಕಸುಬು. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ, ಕೇರಳದ ಮುಜಿರಿಸ್ ಬಂದರಿಗೆ ಹೋಗುವುದು ಕ್ಷೇಮವಲ್ಲ, ಹತ್ತಿರದ ನಿತ್ರಿಯಸ್ ಎಂಬಲ್ಲಿ ಕಡಲುಗಳ್ಳರಿದ್ದಾರೆ ಎಂದು ಎಚ್ಚರಿಸಿದ್ದಾನೆ. ಕೆಲವು ವಿದ್ವಾಂಸರು ಅದನ್ನು ಮುರ್ಡೇಶ್ವರದ ಆಚೆಗಿರುವ ನೇತ್ರಾಣಿ ದ್ವೀಪವೆಂದು ಗುರುತಿಸಿದರೆ, ಇನ್ನು ಕೆಲವರು ನೇತ್ರಾವತಿಯ ಅಳಿವೆಯ ಕಡೆ ಕೈ ತೋರಿಸುತ್ತಾರೆ. ಹದಿಮೂರನೆಯ ಶತಮಾನದ ಕೊನೆಗೆ ಬಂದ ಮಾರ್ಕೊ ಪೋಲೊನ ಪ್ರಕಾರ, ಪಶ್ಚಿಮ ಕರಾವಳಿಯಿಂದ ವರ್ಷವೂ ನೂರಕ್ಕೂ ಹೆಚ್ಚು ಕಳ್ಳಹಡಗುಗಳು ಹೊರಡುತ್ತಿದ್ದವು. ಹೆಂಡಿರು ಮಕ್ಕಳೂ ಜೊತೆಯಲ್ಲೇ ಇರುತ್ತಿದ್ದರು. ಇಪ್ಪತ್ತು ಮೂವತ್ತು ಹಡಗುಗಳು ಐದೈದು ಮೈಲಿ ಅಂತರದಲ್ಲಿ ಸಾಲಾಗಿ ನಿಂತು, ವ್ಯಾಪಾರಿ ಹಡಗು ಕಂಡೊಡನೆ ಬೆಂಕಿ ಅಥವಾ ಹೊಗೆಯಿಂದ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತಿದ್ದವು. ಸರಕು ದೋಚುವರು, ಜನರನ್ನು ಮಾತ್ರ ಬಿಟ್ಟು ಕಳಿಸುವರು. ವ್ಯಾಪಾರಿ ಬದುಕಿದ್ದರೆ ತಾನೆ ಮತ್ತೆ ಸರಕು ತುಂಬಿಕೊಂಡು ಬರುವುದು!

ಶರಾವತಿ ಕಡಲು ಸೇರುವಲ್ಲಿರುವ ಹೊನ್ನಾವರ ಈ ಇತಿಹಾಸದ ನಡುಮನೆ. 1340ರ ದಶಕದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಊರನ್ನು ಮನಸಾರೆ ಹೊಗಳಿದ್ದಾನೆ. ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವು ಎನ್ನುತ್ತಾನೆ. ಅಲ್ಲಿನ ಸುಲ್ತಾನ ಜಮಾಲುದ್ದೀನನ ನೌಕಾಬಲಕ್ಕೆ ಹೆದರಿ ಮಲಬಾರಿನವರು ವರ್ಷವೂ ಕಪ್ಪ ಕೊಡುತ್ತಿದ್ದರು. ಅದೇ ಪ್ರವಾಸಿ ಮುಂದೊಮ್ಮೆ ಕೊಲ್ಲಂನಿಂದ ಹೊನ್ನಾವರಕ್ಕೆ ಮರಳುವಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಪುಟ್ಟ ದ್ವೀಪವೊಂದರ ಬಳಿ ಹನ್ನೆರಡು ಯುದ್ಧನೌಕೆಗಳು ಅವನ ಹಡಗಿನ ಮೇಲೆ ಬಿದ್ದವು. ಸಿಂಹಳದ ಅರಸ ಕೊಟ್ಟಿದ್ದ ರತ್ನಗಳೂ ಬಟ್ಟೆಬರೆಯೂ ಹೋಗಿ, ಮೈಮೇಲೆ ಉಳಿದದ್ದು ಇಜಾರವೊಂದೇ.

ಬಂದರನ್ನು ಕಾಯುವ ನೌಕಾಬಲಕ್ಕೂ ಹಡಗು ದೋಚುವ ನೌಕಾಬಲಕ್ಕೂ ನಡುವಿನ ಗೆರೆ ಅಂದು ತೆಳುವಾಗಿತ್ತು. ಅದು ಅಳಿಸಿಯೇ ಹೋಗುವಂತೆ ಮಾಡಿದ್ದು ಕುದುರೆ. ದಖನ್ನಿನ ಒಳನಾಡಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಹೋರ್ಮುಜ್ ಮತ್ತು ಏಡನ್‌ನಿಂದ ಹಡಗಿನಲ್ಲಿ ತರಿಸಬೇಕಿತ್ತು. ವಿಜಯನಗರದ ಸಾಳುವ ನರಸಿಂಹ ಸಾವಿರ ಚಿನ್ನದ ಪರದಾವ್‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನೆಂದೂ, ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರಾ ಬೆಲೆ ಕೊಡುತ್ತಿದ್ದನೆಂದೂ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ತನಗೆ ಕುದುರೆ ಬೇಕೆಂಬಷ್ಟೇ ತೀವ್ರವಾಗಿ, ವೈರಿಗೆ ಅದು ಸಿಗಬಾರದೆಂಬ ಹಟವೂ ಅರಸರಿಗಿತ್ತು. ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ 1479ರಲ್ಲಿ ಭಟ್ಕಳದ ಮುಸ್ಲಿಂ ವರ್ತಕರನ್ನು ವಿಜಯನಗರದ ಅರಸನ ಅಪ್ಪಣೆಯಂತೆ ಕೊಲ್ಲಲಾಯಿತೆಂದೂ, ಉಳಿದವರು ಗೋವೆಗೆ ಹೋಗಿ ನೆಲೆಸಿದರೆಂದೂ ಪೋರ್ಚುಗೀಸ್ ಚರಿತ್ರೆಕಾರರು ಹೇಳುತ್ತಾರೆ. ಗೋವೆ ಮುಂದೆ ಬಿಜಾಪುರದ ಆದಿಲ್‌ಶಾಹಿಗಳ ಕುದುರೆ ಬಂದರಾಯಿತು. ಇಂದಿನ ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿಗಳ ಎರೆನೆಲದಲ್ಲಿ ಓಡಾಡಿದ ಆದಿಲ್‌ಶಾಹಿ ದಂಡಿನ ಉತ್ತಮ ಕುದುರೆಗಳಲ್ಲಿ ಹಲವು ಆ ದಾರಿಯಾಗಿ ಘಟ್ಟ ಹತ್ತಿ ಬಂದವು.

ಹೊನ್ನಾವರದ ತಿಮ್ಮೋಜನ ಕಾಲ ಇದು. ಪೋರ್ಚುಗೀಸರ ಬರವಣಿಗೆಯಲ್ಲಿ ‘ತಿಮೋಜ’ನಾಗಿರುವ ಈತನನ್ನು ಕನ್ನಡದಲ್ಲಿ ತಿಮ್ಮಯ್ಯನೆಂದೂ ಕರೆಯುತ್ತಾರೆ. ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಬರೆದಿರುವಂತೆ ಹೊನ್ನಾವರದಲ್ಲಿ ಇವನೂ ಸೇರಿ ಇಬ್ಬರು ಕಡಲುಗಳ್ಳರಿದ್ದರು. ತಲಾ ಐದಾರು ದೊಡ್ಡ ಹಡಗು, ತುಂಬ ಆಯುಧಸ್ಥ ಜನ. ಮಲಬಾರಿಗಳ ಹಡಗೊಂದನ್ನು ಬಿಟ್ಟು ಕಂಡದ್ದನ್ನೆಲ್ಲ ದೋಚುವರು, ಲೂಟಿಯಲ್ಲಿ ಪಾಲನ್ನು ಸೀಮೆಯ ಒಡೆಯನಿಗೆ ಒಪ್ಪಿಸುವರು. ಒಡೆಯನ ರಕ್ಷಣೆಯೂ ಅವರಿಗಿತ್ತು. ಆದ್ದರಿಂದ ತಿಮ್ಮೋಜನನ್ನು ಬರೀ ಕಳ್ಳನೆಂದು ಬರೆಯುವುದು ತಪ್ಪು. ಗೋವೆಯ ಕಡೆ ಹೊರಟ ಕುದುರೆಗಳು ವಿಜಯನಗರದ ಬಂದರುಗಳಿಗೆ ತಿರುಗುವುದರಲ್ಲಿ ಅವನ ಒಡೆಯರಿಗೆ ಲಾಭವಿತ್ತು, ಅವನ ಹಡಗುಗಳು ಆ ರಾಜಕಾರಣದ ತೋಳಾಗಿದ್ದವು.

ಒಡೆಯನ ರಕ್ಷಣೆಯಲ್ಲಿ ದೋಚುವ ಇಂಥ ಕಡಲುಗಳ್ಳರು ಇಂದಿನ ಕಥೆಗಳಲ್ಲೂ ಇದ್ದಾರೆ. ಏಯಿಚಿರೊ ಓಡನ ಜಪಾನಿ ಚಿತ್ರಕಥೆ ‘ವನ್ ಪೀಸ್’ 1997ರಿಂದ ಪ್ರಕಟವಾಗುತ್ತಿದೆ. ಅದರಲ್ಲಿ ಸರ್ಕಾರವೇ ಏಳು ಮಂದಿ ಕಡಲುಗಳ್ಳರಿಗೆ ದೋಚುವ ಪರವಾನಗಿ ಕೊಟ್ಟಿರುತ್ತದೆ. ಕಥೆಯ ದೊಡ್ಡ ಖಳರಲ್ಲೊಬ್ಬನಾದ ಕಪ್ಪುಗಡ್ಡದ ಮಾರ್ಷಲ್ ಡಿ. ಟೀಚ್ ಆ ಏಳರಲ್ಲಿ ಸ್ಥಾನ ಗಿಟ್ಟಿಸಿ, ತನ್ನ ಕೆಲಸವಾದ ಮೇಲೆ ಅದನ್ನು ಒದ್ದು ಹೋಗುತ್ತಾನೆ. ಅವನ ಹೆಸರಿಗೆ ಮೂಲ 1718ರಲ್ಲಿ ಅಮೆರಿಕದ ಕರಾವಳಿಯಲ್ಲಿ ಹತನಾದ ಇಂಗ್ಲಿಷ್ ಕಡಲುಗಳ್ಳ ಎಡ್ವರ್ಡ್ ಟೀಚ್. ಪರವಾನಗಿಯ ಏರ್ಪಾಟಿಗೆ ಮಾತ್ರ ಅಷ್ಟು ದೂರ ಹೋಗಬೇಕಿಲ್ಲ. ಅಂಥದೊಂದು ಏರ್ಪಾಟು ಟೀಚನಿಗಿಂತ ಇನ್ನೂರು ವರ್ಷ ಮೊದಲೇ ಶರಾವತಿಯ ಅಳಿವೆಯಲ್ಲಿ ನಡೆದಿತ್ತು.

1498ರಲ್ಲಿ ವಾಸ್ಕೊ ಡ ಗಾಮ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿದ್ದಾಗ ತಿಮ್ಮೋಜ ಸೊಪ್ಪು ಹೊದಿಸಿದ ಎಂಟು ದೋಣಿಗಳೊಂದಿಗೆ ಅವನ ಮೇಲೆ ಬಂದನೆಂದು ಪೋರ್ಚುಗೀಸ್ ವೃತ್ತಾಂತಗಳಿವೆ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟ. ಸಂಧಿಯ ಮಾತಿಗೆ ಮುಂದೆ ಬಂದವನು ತಿಮ್ಮೋಜನೇ. 1510ರ ಆರಂಭದಲ್ಲಿ ಕೆಂಪು ಸಮುದ್ರದತ್ತ ಹೊರಟಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನನ್ನು ಕಂಡು, ಗೋವೆಯಲ್ಲಿ ಕಾವಲು ಸಡಿಲವಾಗಿದೆ, ಜನ ಬೇಸತ್ತಿದ್ದಾರೆ ಎಂದು ಹೇಳಿ ಅವನ ದಾರಿ ತಿರುಗಿಸಿದವನೂ ಇವನೇ. ಗೋವೆ ಸುಲಭವಾಗಿ ಬಿತ್ತು. ಮೇ ತಿಂಗಳಲ್ಲಿ ಆದಿಲ್‌ಶಾಹಿ ದಂಡು ಬಂದು ಅದನ್ನು ಮರಳಿ ಪಡೆಯಿತು. ಮಳೆಗಾಲದಲ್ಲಿ ಕಡಲಿಗಿಳಿಯಲಾಗದ ಪೋರ್ಚುಗೀಸರು ಮಾಂಡೋವಿ ನದಿಯಲ್ಲಿ ಹಸಿವಿನಿಂದ ನರಳಿದರು. ನವೆಂಬರ್ 25ರಂದು ಅವರು ಮತ್ತೆ ಗೆದ್ದ ಗೋವೆ 1961ರವರೆಗೆ ಅವರದೇ ಆಗಿತ್ತು. ತಿಮ್ಮೋಜನಿಗೆ ಕಂದಾಯ ವಸೂಲಿಯ ಅಧಿಕಾರ ಸಿಕ್ಕಿತು, ಗೋವೆಯ ಒಡೆತನ ಸಿಗಲಿಲ್ಲ. ಆ ಅಧಿಕಾರವೂ ಬೇಗನೆ ಹೊನ್ನಾವರದ ರಾಜಮನೆತನದ ಮಲ್ಹಾರರಾಯನ ಪಾಲಾಯಿತು.

ಪೋರ್ಚುಗೀಸರು ಹಳೆಯ ಕಡಲುಗಳ್ಳರ ಕಸುಬನ್ನೇ ಕಾಗದದ ಮೇಲೆ ತಂದರು. ‘ಕರ್ತಾಜ್’ ಎಂಬ ರಹದಾರಿ ಪಡೆಯದ ಹಡಗನ್ನು ಹಿಡಿದು ಸರಕು ವಶಪಡಿಸಿಕೊಳ್ಳುವುದು ಅವರ ಕಾನೂನಾಯಿತು. ಗೋವೆಗೆ ಬರುವ ಕುದುರೆಯ ಸುಂಕ ಅವರ ಬೊಕ್ಕಸದ ದೊಡ್ಡ ಆದಾಯವಾಯಿತು.

1565ರ ಜನವರಿಯಲ್ಲಿ ವಿಜಯನಗರದ ಮೇಲೆ ನಡೆದ ಯುದ್ಧಕ್ಕೆ ಮುನ್ನ ದಖನ್ನಿನ ಸುಲ್ತಾನರ ಪಡೆಗಳು ಡೋಣಿ ದಂಡೆಯ ತಾಳಿಕೋಟೆಯಲ್ಲಿ ಕೂಡಿದವು. ಆ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳ ಸೀಮೆಯ ಹಳ್ಳಿಗಳು. ವಿಜಯನಗರ ಬಿದ್ದ ಮೇಲೆ ಕುದುರೆಗೆ ಇದ್ದ ದೊಡ್ಡ ಗಿರಾಕಿಯೇ ಇಲ್ಲವಾಗಿ ಗೋವೆಯ ಸುಂಕ ಕುಸಿಯಿತು. 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಸೇರಿತು. ಮರುವರ್ಷ ಅಲಿ ಆದಿಲ್ ಶಾಹ ಭಾರಿ ದಂಡಿನೊಡನೆ ಗೋವೆಯನ್ನು ಮುತ್ತಿದರೂ ಗೆಲ್ಲಲಾಗಲಿಲ್ಲ. 1571ರ ಒಪ್ಪಂದದ ನಂತರವೂ ಬಿಜಾಪುರದ ಹಡಗುಗಳು ಕರ್ತಾಜ್ ಪಡೆದೇ ಕಡಲಿಗಿಳಿಯಬೇಕಾಯಿತು.