ಡಾಂಬರು, ಫೆಲ್ಟ್, ರಬ್ಬರು: ಕಾರಿನೊಳಗೆ ಸದ್ದಡಗಿದ ಬಗೆ

ಸದ್ದಿಲ್ಲದ ಕಾರೆಂದರೆ ಸಿರಿವಂತರ ಕಾರು ಎಂಬ ನಂಬಿಕೆ ಬೇರೂರುವುದರಲ್ಲಿ ಜಾಹೀರಾತುಗಳ ಪಾಲು ದೊಡ್ಡದು. 1958ರಲ್ಲಿ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್‌ಗಾಗಿ ಬರೆದ ಜಾಹೀರಾತು, ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗಲೂ ಆ ಕಾರಿನೊಳಗೆ ಗಡಿಯಾರದ ಸದ್ದೇ ಜೋರು ಎಂದು ಸಾರಿತು. ಆದರೆ ಕಾರಿನ ಒಳಗನ್ನು ಮೆತ್ತಗಾಗಿಸಿದ ಸಾಮಗ್ರಿ ಯಾವುದೆಂದು ಚರಿತ್ರೆಯಲ್ಲಿ ಹುಡುಕಿದರೆ ಸಿಗುವುದು ಡಾಂಬರು, ಚಿಂದಿಬಟ್ಟೆಯಿಂದ ಮಾಡಿದ ಫೆಲ್ಟ್, ರಬ್ಬರು. ಈ ವಿದ್ಯೆಯ ಮುಖ್ಯ ಪಾಠಗಳನ್ನು ತಯಾರಕರು ಕಲಿತದ್ದು ಸಾಮಾನ್ಯರು ಕೊಳ್ಳುವ ಕಾರುಗಳಲ್ಲಿ. ಸದ್ದಿನ ಕಾಟ ಹೆಚ್ಚಾಗಿದ್ದದ್ದೇ ಅಲ್ಲಿ.

ಕಾಟ ಶುರುವಾದದ್ದು ಕಾರಿಗೆ ಗೋಡೆ, ಚಾವಣಿ ಬಂದ ಮೇಲೆ. 1919ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಮುಚ್ಚಿದ ಕಾರುಗಳು ಶೇಕಡ 10ರಷ್ಟಿದ್ದವು. 1927ರ ಹೊತ್ತಿಗೆ ಶೇಕಡ 85ರಷ್ಟಾದವು. 1925ರಲ್ಲಿ ಹಡ್ಸನ್ ಕಂಪನಿಯ ಮುಚ್ಚಿದ ಕಾರು ಎಸೆಕ್ಸ್ ಕೋಚ್ ಅದೇ ಹೆಸರಿನ ತೆರೆದ ಕಾರಿಗಿಂತ ಅಗ್ಗವಾಯಿತು. ಅಲ್ಲಿಯವರೆಗೆ ಗಾಳಿಯಲ್ಲಿ ಹಾರಿಹೋಗುತ್ತಿದ್ದ ಎಂಜಿನ್ ಸದ್ದು ಈಗ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿತು. ಅದೇ ಕಾಲದಲ್ಲಿ ಮರದ ಚೌಕಟ್ಟು ಹಿಂದೆ ಸರಿದು ಉಕ್ಕಿನ ತಗಡು ಮುಂದೆ ಬಂತು. ಅಗಲವಾದ ತೆಳು ತಗಡು ತಮಟೆಯ ಹಾಗೆ. ಎಂಜಿನ್ ಒಂದು ಕಡೆ ನಡುಗಿದರೆ ಅದು ಇನ್ನೊಂದು ಕಡೆ ಮೊರೆಯುತ್ತದೆ. 1930ರ ದಶಕದ ನಡುವಿನವರೆಗೂ ಬಹುಪಾಲು ಕಾರುಗಳ ಚಾವಣಿಯ ಮಧ್ಯಭಾಗ ಬಟ್ಟೆಯದಾಗಿತ್ತು. ಜನರಲ್ ಮೋಟಾರ್ಸ್ 1935ರ ಮಾದರಿಗಳಲ್ಲಿ ಅಖಂಡ ಉಕ್ಕಿನ ಚಾವಣಿ ತಂದ ಮೇಲೆ ತಲೆಯ ಮೇಲೂ ಮೊರೆಯುವ ತಗಡು ಬಂದು ಕೂತಿತು.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ 1931ರ ಪ್ಲಿಮತ್. ಕ್ರೈಸ್ಲರ್ ಕಂಪನಿಯ ಬ್ರ್ಯಾಂಡ್‌ಗಳಲ್ಲಿ ಅತಿ ಅಗ್ಗದ್ದು ಅದು; ಫೋರ್ಡ್, ಷೆವರ್ಲೆಗಳಿಗೆ ಎದುರಾಳಿ. ನಾಲ್ಕು ಸಿಲಿಂಡರಿನ ಎಂಜಿನ್ ಸಹಜವಾಗಿಯೇ ನಡುಗುತ್ತದೆ. ಸಿಲಿಂಡರ್ ಹೆಚ್ಚಿಸಿದರೆ ಬೆಲೆ ಏರುತ್ತದೆ. ಎಂಜಿನಿಯರುಗಳು ಎಂಜಿನ್ನನ್ನು ಹಾಗೆಯೇ ಬಿಟ್ಟು, ಅದನ್ನು ಚಾಸಿಗೆ ಬಿಗಿಯುವ ರೀತಿಯನ್ನು ಬದಲಿಸಿದರು. ಎಂಜಿನ್ನಿನ ಭಾರದ ಕೇಂದ್ರದ ಮೂಲಕ ಹಾಯುವ ರೇಖೆಯ ಮೇಲೆ ಮುಂದೊಂದು, ಹಿಂದೊಂದು ರಬ್ಬರ್ ಮೌಂಟಿಂಗ್ ಇಟ್ಟು ತೂಗುಹಾಕಿದರು. ಎಂಜಿನ್ ತನ್ನಷ್ಟಕ್ಕೆ ತೊಯ್ದಾಡಿತು. ನಡುಕ ತಗಡಿಗೆ ಮುಟ್ಟುವುದು ಬಹಳ ಕಡಿಮೆಯಾಯಿತು. ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟ ಈ ಉಪಾಯವನ್ನು ಮರುವರ್ಷವೇ ಫ್ರಾನ್ಸಿನ ಸಿಟ್ರೊಯೆನ್ ಪರವಾನಗಿ ಪಡೆದು ಬಳಸಿತು. ಕಡಿಮೆ ಬೆಲೆಯ ಕಾರನ್ನು ಉಳಿಸಿಕೊಳ್ಳಬೇಕಾದ ಒತ್ತಡವೇ ಇಂಥ ಉಪಾಯವನ್ನು ಹೊರತಂದಿತೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಮೊರೆಯುವ ತಗಡಿಗೆ ಮದ್ದು ಡಾಂಬರು. ಅದು ಏಕೆ ಫಲಿಸುತ್ತದೆಂಬುದಕ್ಕೆ 1952ರಲ್ಲಿ ಜರ್ಮನಿಯ ಹರ್ಮನ್ ಓಬರ್ಸ್ಟ್ ಲೆಕ್ಕ ಕೊಟ್ಟರು: ತಗಡು ಬಾಗಿದಾಗ ಅಂಟಿಕೊಂಡ ಪದರವೂ ಹಿಗ್ಗಿ ಕುಗ್ಗಿ, ನಡುಕದ ಶಕ್ತಿಯನ್ನು ಶಾಖವಾಗಿಸಿ ತಿಂದುಹಾಕುತ್ತದೆ. ಆ ಪದರದ ಮೇಲೆ ತೆಳುವಾದ ಲೋಹದ ಹಾಳೆ ಹೊದಿಸಿದರೆ ಇನ್ನೂ ಚೆನ್ನಾಗಿ ತಿನ್ನುತ್ತದೆ ಎಂದು 1959ರಲ್ಲಿ ಅಮೆರಿಕದ ಎಡ್ವರ್ಡ್ ಕರ್ವಿನ್ ವಿವರಿಸಿದರು. ಇಂದು ಆಕ್ಸೆಸರಿ ಅಂಗಡಿಗಳಲ್ಲಿ ಸಿಗುವ, ಮೇಲೆ ಅಲ್ಯುಮಿನಿಯಂ, ಕೆಳಗೆ ಬ್ಯೂಟೈಲ್ ರಬ್ಬರು ಇರುವ ಡ್ಯಾಂಪಿಂಗ್ ಶೀಟಿನ ತತ್ವ ಇದೇ. ಬಾಗಿಲಿನ ಒಳಪ್ಯಾಡ್ ಬಿಚ್ಚಿ ಹೊರತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ‘ಢಣ್’ ಎಂದು ಎಳೆಯುತ್ತದೆ. ನಡುವೆ ಅಂಗೈಯಗಲದ ಒಂದೆರಡು ತುಂಡು ಅಂಟಿಸಿ ತಟ್ಟಿದರೆ ‘ದಬ್’ ಎಂದು ಅಲ್ಲೇ ನಿಲ್ಲುತ್ತದೆ. ಇಡೀ ತಗಡನ್ನು ಮುಚ್ಚಬೇಕಿಲ್ಲ. ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನಂತೂ ಮುಚ್ಚಲೇಬಾರದು. ಮುಚ್ಚಿದರೆ ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು.

ನಮ್ಮಲ್ಲಿ ಇದೇ ಕಥೆ ತಡವಾಗಿ ನಡೆಯಿತು. ಮೋರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಿಂದ ಬಂದ ಅಂಬಾಸಿಡರ್ ಸಾವಿರ ಕಿಲೋ ಮೀರಿದ ಕಾರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಸುಮಾರು 650 ಕಿಲೋ. ಆ ಹಗುರತನದಿಂದಲೇ ಮೈಲೇಜು ಸಿಕ್ಕಿತು, ಮಧ್ಯಮವರ್ಗದ ಮನೆಮುಂದೆ ಕಾರು ನಿಂತಿತು. ಅದರಿಂದಲೇ ತೆಳು ತಗಡಿನ ಸದ್ದೂ ಒಳಗೆ ಬಂತು. ಹೊಸ ಕಾರಿಗೆ ತುಕ್ಕು ಹಿಡಿಯದಿರಲೆಂದು ಅಡಿಯಲ್ಲಿ ಹೊಡೆಸುತ್ತಿದ್ದ ಡಾಂಬರಿನ ಅಂಡರ್ ಕೋಟಿಂಗ್ ಜಲ್ಲಿಕಲ್ಲಿನ ಚಟಪಟವನ್ನೂ ತಗ್ಗಿಸುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಾಕಿಸುವ ಫ್ಲೋರ್ ಮ್ಯಾಟಿಂಗ್ ಕೂಡ ಆ ಬಗೆಯ ಕೆಲಸವನ್ನೇ ಮಾಡುತ್ತದೆ.

ದುಬಾರಿ ಕಾರುಗಳು ನಿಜಕ್ಕೂ ನಿಶ್ಶಬ್ದವಲ್ಲವೇ ಎಂದು ಕೇಳಬಹುದು. ಹೌದು, 1989ರ ಲೆಕ್ಸಸ್ ಎಲ್ಎಸ್ 400ರಲ್ಲಿ ಎರಡು ತಗಡುಗಳ ನಡುವೆ ಮೆದು ಪದರವಿಟ್ಟ ಉಕ್ಕನ್ನೇ ಬಳಸಿದ್ದರು. ತತ್ವ ಮಾತ್ರ ಹಳೆಯದೇ. ಇಂಥ ಪದರಗಳಿಂದ ತೂಕ ಹೆಚ್ಚಿ ಮೈಲೇಜು ಬೀಳುತ್ತದೆಂಬ ಆಕ್ಷೇಪಣೆಗೆ ಹೆಚ್ಚು ಬಲವಿದೆ. ತೂಕದಿಂದಲೇ ಸದ್ದು ತಡೆಯುವುದಾದರೆ ಗೋಡೆಯ ಭಾರ ಇಮ್ಮಡಿಸಿದರೂ ಸಿಗುವುದು ಹೆಚ್ಚೆಂದರೆ 6 ಡೆಸಿಬೆಲ್. ಆದ್ದರಿಂದಲೇ ಮೊದಲು ನೋಡಬೇಕಾದದ್ದು ಸಂದಿಗಳನ್ನು. ಗೋಡೆಯ ನೂರನೇ ಒಂದು ಭಾಗದಷ್ಟು ಸಂದಿಯಿದ್ದರೂ ಉಳಿದದ್ದು ಎಷ್ಟೇ ದಪ್ಪವಿರಲಿ, ತಡೆ 20 ಡೆಸಿಬೆಲ್ ದಾಟುವುದಿಲ್ಲ. ಹಳೆಯ ಕಾರಿನಲ್ಲಿ ಗಟ್ಟಿಯಾದ ಡೋರ್ ಬೀಡಿಂಗ್ ಬದಲಿಸಿದ ಮೇಲೆ ಶೀಟಿನ ಮಾತು. ಮನೆಯ ಸೋರುವ ಚಾವಣಿಗೆ ಹಚ್ಚುವ ಡಾಂಬರು ಪಟ್ಟಿ ಅಗ್ಗವೆಂದು ಅಂಟಿಸಿದರೆ ಕಲಬುರಗಿಯ ಬೇಸಿಗೆಯಲ್ಲಿ ಅದು ಮೆತ್ತಗಾಗಿ ವಾಸನೆ ಬರುತ್ತದೆ. ಕಾರ್ಖಾನೆಯವರು ಡಾಂಬರು ಹಾಳೆಯನ್ನು ಹೆಚ್ಚಾಗಿ ನೆಲಕ್ಕೆ ಹಾಸಿ, ಬಣ್ಣ ಒಣಗಿಸುವ ಓವನ್ನಿನಲ್ಲೇ ಕರಗಿಸಿ ಕೂರಿಸುತ್ತಾರೆ. ಒರಟು ಕಾಂಕ್ರೀಟ್ ರಸ್ತೆಯಲ್ಲಿ ಏಳುವ ಟೈರಿನ ಗುಂಯ್ ಸದ್ದಿಗೆ ತೆಳು ಫೋಮ್ ಸಾಲದು: 100 ಹರ್ಟ್ಸ್ ಸದ್ದಿನ ಒಂದು ಅಲೆಯೇ ಮೂರು ಮೀಟರಿಗಿಂತ ಉದ್ದ. ಆ ಸದ್ದು ಸಸ್ಪೆನ್ಷನ್ ಮೂಲಕವೂ ಹತ್ತಿಬರುವುದರಿಂದ, ಸವೆದ ಟೈರ್ ಬದಲಿಸುವ ದಿನ ಸದ್ದು ಕಡಿಮೆಯಿರುವ ಟೈರನ್ನು ಕೇಳಿ ಹಾಕಿಸಿಕೊಳ್ಳುವುದು ಶೀಟಿನ ಖರ್ಚಿಗಿಂತ ಲಾಭದ್ದು.